ಎರವಲು ತಂದ ಗ್ರಂಥಾಲಯ

ಹಾರೂಗೇರಿ, ತಾ. ೧೨-೨-೧೯೮೬, ಬುಧವಾರ, ರಾತ್ರಿ.

೧. ಬರೆದವನು: ಧರೆಪ್ಪ, ವಯಸ್ಸು ಎಪ್ಪತ್ತೊಂದು, ಕಾಲೇಜು ಆಡಳಿತ ಮಂಡಳಿಯ ಅಧ್ಯಕ್ಷ.
೨. ವಿಷಯ: ನಮ್ಮಲ್ಲಿ ಬಿ.ಎ. ತರಗತಿ ತೆರೆಯಲು ಅನುಮತಿ ಕೊಡುವ ಮುನ್ನ ವಿಶ್ವವಿದ್ಯಾಲಯದ ಸಮಿತಿಯು ಇಂದು ಬಂದು ನೋಡಿಹೋದದ್ದು.
೩. ಫಲ: ತಿಳಿಯದು.

ಗ್ರಂಥಾಲಯಕ್ಕೆ ಸಾವಿರ ಪುಸ್ತಕ ಬೇಕೆಂದಿದ್ದರು, ಇದ್ದವು ಮುನ್ನೂರು. ಉಳಿದವನ್ನು ಮನೆಮನೆಯಿಂದ ತಂದು, ಮಾಲೀಕರ ಹೆಸರು ಕಾಣದಂತೆ ಕಾಲೇಜಿನ ಚೀಟಿ ಅಂಟಿಸಿ ಕಪಾಟು ತುಂಬಿಸಿದ್ದೆವು. ಮದುವೆಗೆ ಓಣಿಯ ಪಾತ್ರೆ ತರುವುದಿಲ್ಲವೇ? ತಪ್ಪೆನಿಸಿರಲಿಲ್ಲ.

ಸಮಿತಿಯ ಹಿರಿಯರು ಪಿಯುಸಿ ಓದುವ ಶಿವಗಂಗವ್ವನನ್ನು ಕರೆದು, ಇವುಗಳಲ್ಲಿ ಯಾವುದನ್ನು ಓದಿರುವೆ ಎಂದು ಕೇಳಿದರು.

“ಯಾವದೂ ಇಲ್ರಿ ಸರ್. ನಿನ್ನಿ ಬಂದಾವ, ನಾಳಿ ಮನಿಗಿ ಹೊಕ್ಕಾವ.”

ನನ್ನ ಪಕ್ಕದಲ್ಲಿದ್ದ ನಮ್ಮ ಮಂಡಳಿಯ ಸದಸ್ಯ ಮುರಗೆಪ್ಪ, “ಮುಗೀತ್ರಿ ಕಾಕಾ, ಗಂಟು ಕಟ್ರಿ” ಎಂದ.

ನಾನು ಗದರಿದೆ: “ಬಿ.ಎ. ಬ್ಯಾಡೇನ ಬೇ ನಿನಗ?”

“ಬೇಕಂತನ ಖರೇ ಹೇಳೇನ್ರಿ ಅಜ್ಜಾರ. ಬಿ.ಎ. ಬಂದ ಮ್ಯಾಲ ಓದಾಕ ಪುಸ್ತಕ ಬೇಕಲ್ರಿ?”

ಹಿರಿಯರು ನಕ್ಕು, “ಅಧ್ಯಕ್ಷರ, ನಿಮ್ಮ ಮಂಡಳಿಯೊಳಗ ಈಕಿ ಅದಾಳೇನ್ರಿ?” ಎಂದು ಕೇಳಿ, ಏನನ್ನೋ ಬರೆದು ಕಡತ ಮುಚ್ಚಿದರು. ಅದು ಮೆಚ್ಚುಗೆಯೋ, ಛೀಮಾರಿಯೋ?

ಅನುಮತಿ ತಪ್ಪಿದರೆ ಆಕೆಯ ಓದು ಇಲ್ಲಿಗೇ ನಿಲ್ಲುತ್ತದೆ. ಮನೆಯವರು ಧಾರವಾಡಕ್ಕೆ ಕಳಿಸುವವರಲ್ಲ. ತಿಳಿದೂ ತಿಳಿದೂ ಹೇಳಿದಳು. ನನ್ನ ಅರ್ಜಿಯಲ್ಲಿ ‘ಸಮಸ್ತ ವಿದ್ಯಾರ್ಥಿಗಳ ಪರವಾಗಿ’ ಎಂದಿದೆ. ಅದು ಹಳೆಯ ಅರ್ಜಿಯೊಂದರಿಂದ ಇಳಿಸಿಕೊಂಡ ಸಾಲು. ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ. ಆಕೆಯ ಮೇಲೆ ಸಿಟ್ಟಾಗಬೇಕೋ, ಇಲ್ಲವೇ ಆಕೆಯನ್ನು ಮಂಡಳಿಗೆ ಸೇರಿಸಿಕೊಳ್ಳಬೇಕೋ…

ಸಹಿ: ಧರೆಪ್ಪ
ಲಗತ್ತು: ಬೇಕಾದ ಪುಸ್ತಕಗಳ ಪಟ್ಟಿ, ಹಾಳೆ ಒಂದು. ಸಂಜೆ ಶಿವಗಂಗವ್ವ ತಂದುಕೊಟ್ಟದ್ದು.