ದಳವಾಯಿಯ ಮುಚ್ಚಿದ ಕಣ್ಣು

ಗದಗ, ಫೆಬ್ರವರಿ ೩೦, ೨೧೭೯

ನೂರೈವತ್ತು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ ನೀಲಗಂಗಾ ಲಕ್ಕುಂಡಿ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಬಹುಕಾಲ ಅನ್ಯಾಯ ಸಹಿಸಿದ ಫೆಬ್ರವರಿಗೆ ನಮ್ಮ ಕಾಲದಲ್ಲಿ ಮೂವತ್ತು ದಿನ ಮಂಜೂರಾಗಿವೆ. ಜನವರಿ, ಮಾರ್ಚ್ ಇನ್ನೂ ಮುನಿಸಿಕೊಂಡಿವೆ. ನಿಮಗೆ ತಿಳಿಯದ ಶಬ್ದಗಳು ನಡುವೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಓಡುವ ಅಂಚೆಯಲ್ಲಿ. ಚಿನ್ನದ ರೇಟು, ಚುನಾವಣೆ ಗೆದ್ದವರ ಹೆಸರು, ಯಾರ ಮದುವೆ ಯಾಕೆ ಮುರಿಯಿತು ಎಂಬುದನ್ನೆಲ್ಲ ಬರೆಯಕೂಡದೆಂದು ಅಂಚೆಯವರ ಕಟ್ಟಪ್ಪಣೆ. ಹಾಗಾಗಿ ಬರೆಯಲು ಉಳಿದದ್ದು ನನ್ನ ಗಂಡನ ವಿಷಯ ಒಂದೇ.

ಮೊದಲು ನಮ್ಮ ಊರಿನ ಬಗ್ಗೆ ನಾಲ್ಕು ಮಾತು. ಇಲ್ಲಿ ಬಸ್ಸುಗಳು ಕಪ್ಪತಗುಡ್ಡದ ಗಾಳಿಯಿಂದ ಓಡುತ್ತವೆ. ಗಾಳಿ ನಿಂತರೆ ಬಸ್ಸೂ ನಿಲ್ಲುತ್ತದೆ, ಕಂಡಕ್ಟರು ಮಾತ್ರ ಆಗಲೂ "ಮುಂದಕ ಸರೀರಿ" ಅನ್ನುತ್ತಲೇ ಇರುತ್ತಾನೆ. ಮನೆಮನೆಯಲ್ಲೂ ಗೋಡೆವೈದ್ಯ ಇದೆ. ಎದುರು ನಿಂತವರ ಕಣ್ಣೊಳಗೆ ನೋಡಿ ರೋಗ ಹೇಳುವ ಗೋಡೆ ಅದು. ನಿನ್ನೆ ಎಷ್ಟು ಮಿರ್ಚಿಭಜಿ ತಿಂದಿರೆಂಬುದನ್ನೂ ಹೇಳುತ್ತದೆ, ಅದೂ ಬೀಗರು ಬಂದಾಗಲೇ. ಇಷ್ಟೆಲ್ಲ ಬದಲಾದರೂ ಕಂಪನಿ ನಾಟಕ ಬದಲಾಗಿಲ್ಲ. ಅದೇ ಪರದೆ, ಅದೇ ಹಾರ್ಮೋನಿಯಂ. ಪ್ರೇಕ್ಷಕರು ಮೆಚ್ಚಿ "ಒನ್ಸ್ ಮೋರ್" ಕೂಗಿದರೆ ಸತ್ತವನು ಎದ್ದು, ಧೂಳು ಕೊಡವಿಕೊಂಡು, ಮತ್ತೊಮ್ಮೆ ಸಾಯಲೇಬೇಕು. ಆ ಪದ್ಧತಿಯೂ ಹಾಗೇ ಇದೆ.

ನಮ್ಮ ಯಜಮಾನರು ವೀರಸಂಗಪ್ಪ ಸಾಯುವುದರಲ್ಲಿ ಎತ್ತಿದ ಕೈ. ನಲವತ್ತು ವರ್ಷದಿಂದ ಒಂದೇ ನಾಟಕದಲ್ಲಿ ಮುದಿ ದಳವಾಯಿಯಾಗಿ ಸಾಯುತ್ತ ಬಂದಿದ್ದಾರೆ. ಒಮ್ಮೆ ಸತ್ತ ಮೇಲೆ ಚಪ್ಪಾಳೆ ಎಷ್ಟು ಬಿತ್ತೆಂದು ಒಂದು ಕಣ್ಣು ತೆರೆದು ನೋಡಿ ಊರಿಗೆಲ್ಲ ನಗೆಪಾಟಲಾದರು. ಅಂದಿನಿಂದ ಎವೆಯಂಟು ಹಚ್ಚತೊಡಗಿದರು. ಸಾಯುವ ಪಾತ್ರದವರು ರೆಪ್ಪೆಗೆ ಸವರಿಕೊಳ್ಳುವ ಗೋಂದು ಅದು. ನಾಲ್ಕೈದು ತಾಸಿಗೆ ತಾನಾಗಿ ಬಿಡುವತನಕ ಶಿವನೇ ಬಂದು ನಿಂತರೂ ಕಣ್ಣು ತೆರೆಯದು. ಒನ್ಸ್ ಮೋರ್ ಬಂದರೆ ಇವರು ಕಣ್ಣು ಮುಚ್ಚಿಕೊಂಡೇ ಎದ್ದು, ತಡಕಾಡಿ, ಮತ್ತೆ ಬೀಳುತ್ತಾರೆ. ಜನ ಅದನ್ನು ಶ್ರೇಷ್ಠ ಅಭಿನಯ ಎಂದು ತಿಳಿದಿದ್ದಾರೆ. ಆದರೆ ಸತ್ತ ಮೇಲೂ ಅವರಿಗೆ ಒಂದು ಚಪಲ. ಬಲಗಾಲಿನ ಹೆಬ್ಬೆರಳನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ. ಮೊದಲ ಸಾಲಿನಲ್ಲಿ ಕೂತ ನನಗೆ ಅದು ಪ್ರಶ್ನೆ: ಹೆಂಗಾತು? ಮನೆಗೆ ಬಂದ ಮೇಲೆ ನಾನು "ನಡೀತೈತಿ" ಅನ್ನುತ್ತಿದ್ದೆ. ಹೊಗಳಿದರೆ ಆಮೇಲೆ ಇವರನ್ನು ಹಿಡಿಯುವವರು ಯಾರು?

ಹೋದ ಭಾನುವಾರ ಮಧ್ಯಾಹ್ನದ ಆಟ. ರೆಪ್ಪೆಗೆ ಗೋಂದು ಸವರಿಕೊಂಡು ಕೊನೆಯ ಮಾತು ಶುರು ಮಾಡಿದರು. ಮಾತು ತೊದಲಿತು. ಬಲಗೈಯಿಂದ ಕತ್ತಿ ಜಾರಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಧೊಪ್ಪನೆ ಬಿದ್ದರು. ಪ್ರೇಕ್ಷಕರು ಹುಚ್ಚೆದ್ದು ಒನ್ಸ್ ಮೋರ್ ಕೂಗಿದರು. ನನ್ನ ಮೈದುನ ಗುರುಶಾಂತ ಕುರ್ಚಿ ಹತ್ತಿ ನಿಂತು, "ಅಣ್ಣಾ, ಇಂಥಾ ಸಾವು ನೀ ಯಾವತ್ತೂ ಸತ್ತಿದ್ದಿಲ್ಲ ಬಿಡು!" ಎಂದು ಶಿಳ್ಳೆ ಹಾಕಿದ. ನಾನು ಹೆಬ್ಬೆರಳು ನೋಡಿದೆ. ಅದು ಅಲ್ಲಾಡಲಿಲ್ಲ. ಅಳುತ್ತ ರಂಗದ ಮೇಲೆ ಓಡಿದೆ. ಜನ ನನಗೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಯಾರೋ ಮೂಸಿಸಲು ಈರುಳ್ಳಿ ಒಡೆದು ತಂದರು. ನಿಮ್ಮ ಕಾಲದಿಂದ ನಮ್ಮ ಕಾಲದವರೆಗೆ ಒಂದಿಷ್ಟೂ ಸುಧಾರಿಸದೆ ಉಳಿದ ಚಿಕಿತ್ಸೆ ಅದೊಂದೇ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆಳೆತ್ತರದ ಗೋಡೆವೈದ್ಯ ಇದೆ. ದಯವಿಟ್ಟು ಕಣ್ಣು ತೆರೆಯಿರಿ ಎಂದು ಅದು ಮತ್ತೆ ಮತ್ತೆ ವಿನಯದಿಂದ ಕೇಳಿಕೊಂಡಿತು. ಇವರು ತೆರೆಯದಿದ್ದಾಗ, ಎಲ್ಲ ಬಲ್ಲ ಗೋಡೆಯಲ್ಲವೇ, ಊರಿನ ನಾಟಕಗಳ ವಿವರ ಹುಡುಕಿ ಘೋಷಿಸಿತು: ಪಾತ್ರ ದಳವಾಯಿ, ಮೂರನೆಯ ಅಂಕದಲ್ಲಿ ಮರಣ, ಎಲ್ಲವೂ ಸಹಜ. ಗುರುಶಾಂತ "ನೋಡ್ರಿ ವೈನಿ, ನಾ ಹೇಳಲಿಲ್ಲೇನು? ಸೂಜಿ ಚುಚ್ಚಿದ್ರೂ ಅಣ್ಣ ಮಿಸುಕಂಗಿಲ್ಲ" ಎಂದು ಹೆಮ್ಮೆಪಟ್ಟ. ಆ ಕ್ಷಣ ಗೋಡೆಯನ್ನೂ ಮೈದುನನನ್ನೂ ಒಂದೇ ಏಟಿಗೆ ಕೆಡವುವಷ್ಟು ಸಿಟ್ಟು ನನಗೆ ಬಂದಿತ್ತು.

ಪುಣ್ಯಕ್ಕೆ ಡಾಕ್ಟರ್ ಶಹನಾಜ್ ಹೊಂಬಳ ಬಂದರು. ಸಕ್ಕರೆ ನೋಡಿದರು, ಸರಿಯಿತ್ತು. ಬಲಗೈ ಎತ್ತಿ ಬಿಟ್ಟರು, ಹಸಿ ಹಿಟ್ಟಿನಂತೆ ಬಿತ್ತು. ರೆಪ್ಪೆ ಬಿಡಿಸಲು ಹೋದರೆ ಚರ್ಮವೇ ಕಿತ್ತು ಬರುವಂತಿತ್ತು. ಆಗ ಅವರು ಅಲ್ಟ್ರಾಸೌಂಡ್ ಯಂತ್ರ ತಂದರು. ಬಸುರಿಯರ ಹೊಟ್ಟೆಯ ಮೇಲೆ ಇಟ್ಟು ಕೂಸು ನೋಡುತ್ತೀರಲ್ಲ, ಅದೇ. ಮುಚ್ಚಿದ ರೆಪ್ಪೆಗೆ ತಣ್ಣನೆಯ ಜೆಲ್ ಹಚ್ಚಿ, ಒತ್ತದೆ, ಹಗುರಾಗಿ ಇಟ್ಟರು. ಪರದೆಯ ಮೇಲೆ ಕಣ್ಣುಗುಡ್ಡೆ ಕರಿದ್ರಾಕ್ಷಿಯಂತೆ ದುಂಡಗೆ ಮೂಡಿತು. ಒಂದಲ್ಲ, ಎರಡೂ ಕಣ್ಣು ಎಡಕ್ಕೆ ತಿರುಗಿ ಅಲ್ಲೇ ನಿಂತಿದ್ದವು. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಎಷ್ಟೋ ಸಲ ಎರಡೂ ಕಣ್ಣು ಆ ಕಡೆಗೇ ವಾಲುತ್ತವಂತೆ, ಬಲಗೈ ಬಲಗಾಲು ಸೋಲುತ್ತವಂತೆ. ಇದೂ ನಟನೆ ಇರಬಹುದೇ ಎಂದು ಗುರುಶಾಂತ ಕೇಳಿದ. ಡಾಕ್ಟರು ಅವನತ್ತ ನೋಡದೆ, "ಮುಚ್ಚಿದ ರೆಪ್ಪಿ ಒಳಗ ಯಾರಿಗೆ ತೋರಸಾಕ ನಟನಾ ಮಾಡತಾರ್ರೀ?" ಎಂದರು.

ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿದರು. ಕಣ್ಣು ಹೇಳಿದ್ದು ನಿಜವಾಗಿತ್ತು. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಏರಿಸಿ ಹೆಪ್ಪುಗಟ್ಟಿದ ರಕ್ತ ಎಳೆದು ತೆಗೆಯಲು ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ದಳವಾಯಿಯ ಅಂಟುಮೀಸೆ ಹಿಡಿದು ಕೂತೆ. ನಲವತ್ತು ವರ್ಷ ಆ ಮನುಷ್ಯ ಒಂದು ಒಳ್ಳೆಯ ಮಾತಿಗಾಗಿ ಕಾಲ್ಬೆರಳು ಅಲ್ಲಾಡಿಸಿದ್ದಾರೆ, ನನ್ನ ಕೊನೆಯ ಮಾತು "ನಡೀತೈತಿ" ಎಂದೇ ಆಗಿಬಿಟ್ಟರೆ ಏನು ಗತಿ ಎಂದು ತುಂಬ ಅತ್ತೆ. ಅಪ್ಪಿತಪ್ಪಿ ಮೀಸೆಯಲ್ಲೇ ಕಣ್ಣೊರೆಸಿಕೊಂಡೆ.

ಈ ಕಾಗದ ಬರೆದದ್ದು ಒಂದು ಬೇಡಿಕೆಗಾಗಿ. ಹೊಟ್ಟೆ ನೋಡುವ ಯಂತ್ರವನ್ನು ರೆಪ್ಪೆಯ ಮೇಲೆ ಇಟ್ಟು ನೋಡುವುದನ್ನು ಶುರು ಮಾಡಿದವರು ನಿಮ್ಮ ಕಾಲದ ವೈದ್ಯರೇ ಎಂದು ಡಾಕ್ಟರು ಹೇಳಿದರು. ಕಣ್ಣು ನೋಡಿ ಮಿದುಳಿನ ಸುದ್ದಿ ಹೇಳುವುದುಂಟೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಆದರೆ ನಕ್ಕ ಮೇಲೆ ಕಲಿಯಿರಿ, ಮುಂದಿನವರಿಗೂ ಕಲಿಸಿರಿ. ನೀವು ಅಲ್ಲಿ ಕೈಬಿಟ್ಟರೆ ನಾನು ಇಲ್ಲಿ ವಿಧವೆಯಾಗುತ್ತೇನೆ. ಇನ್ನು ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಈರುಳ್ಳಿಯನ್ನು ಒಗ್ಗರಣೆಗೆ ಬಿಟ್ಟು ರೋಗಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅವರು ದೊಡ್ಡ ನಟರಾಗಿದ್ದರೂ ಸರಿ.

ಹಾಳೆ ಮುಗಿಯುತ್ತ ಬಂತು. ಅಂದು ಸಂಜೆ ಇವರನ್ನು ಹೊರಗೆ ತಂದು ಮಲಗಿಸಿದರು. ಗೋಂದು ಇನ್ನೂ ಬಿಟ್ಟಿರಲಿಲ್ಲ, ಕಣ್ಣು ಮುಚ್ಚಿಯೇ ಇದ್ದವು. ನಾನು ಕಾಲ ಬಳಿ ನಿಂತಿದ್ದೆ. ಹೊದಿಕೆಯ ಅಂಚಿನಲ್ಲಿ ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಅಲ್ಲಾಡಿತು. ನಾನು ಓಡಿಹೋಗಿ ಕಿವಿಯ ಹತ್ತಿರ ಬಾಗಿ ಹೇಳಿದೆ: "ಭಾಳ ಚಲೋ ಆತ್ರೀ. ಆದ್ರ ಒನ್ಸ್ ಮೋರ್ ಬ್ಯಾಡ."

ಇನ್ನೂ ಹುಟ್ಟದ ನಿಮ್ಮ ಮಗಳು,
ನೀಲಗಂಗಾ