ತುಂಬಬಾರದ ಪೀಪಾಯಿ

ಜುರಾ, 9 ಆಗಸ್ಟ್ 1974. ವೈನ್ ರುಚಿ ನೋಡಲು ಪ್ರವಾಸಿಗರು ಬಂದಿದ್ದಾರೆ. ಅಡಿಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಅಣ್ಣಾ,
ನಮ್ಮ ಬರ್ಗಂಡಿಯಲ್ಲಿ ಪೀಪಾಯಿಯ ವೈನ್ ಇಳಿದಂತೆಲ್ಲ ಮತ್ತೆ ತುಂಬಿಸುತ್ತೇವಲ್ಲ, ಇಲ್ಲಿನ ಹಳದಿ ವೈನಿಗೆ ಹಾಗೆ ಮಾಡಬಾರದು. ಅದರ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಆ ಪೊರೆಯಡಿ ಆರು ವರ್ಷ ಯಾರೂ ಮುಟ್ಟದೆ ಇರಬೇಕು. ನಿನ್ನೆ ನನ್ನ ಗಂಡ, ಚಿಕ್ಕಪ್ಪನಿಗೆ ಸಹಾಯವಾಗಲೆಂದು, ನಮ್ಮೂರಿನ ಅಭ್ಯಾಸದಂತೆ ನೆಲಮಾಳಿಗೆಯಲ್ಲಿದ್ದ ಐದು ವರ್ಷದ ಪೀಪಾಯಿಯನ್ನು ಹೊಸ ವೈನಿನಿಂದ ಬಾಯಿವರೆಗೆ ತುಂಬಿಸಿಬಿಟ್ಟರು. ಪೊರೆ ಹರಿದು ಮುಳುಗಿದೆ, ಇನ್ನದು ಹಳದಿ ವೈನಾಗುವುದಿಲ್ಲ. ಚಿಕ್ಕಪ್ಪನಿಗೆ ಇನ್ನೂ ಗೊತ್ತಿಲ್ಲ.

ಪಕ್ಕದ ಕೋಣೆಯಲ್ಲಿ ಚಿಕ್ಕಪ್ಪ ಪ್ಯಾರಿಸ್ಸಿನ ಹೆಂಗಸೊಬ್ಬರಿಗೆ ಹಳೆಯ ಬಾಟಲಿಯಿಂದ ಹಳದಿ ವೈನ್ ಬಗ್ಗಿಸುತ್ತಿದ್ದಾರೆ, ಜೊತೆಗೆ ಅಕ್ರೋಟು, ಕೋಂತೆ ಚೀಸ್.

“ಯಜಮಾನ್ರೇ, ಇದು ಕೆಟ್ಟುಹೋಗಿದೆ ಅನ್ಸುತ್ತೆ.”

“ಕೆಟ್ಟಿರೋದು ವೈನಲ್ಲ ತಾಯಿ, ನಿಮ್ಮ ನಾಲಿಗೆ. ಚೀಸ್ ಕಚ್ಕೊಂಡು ಇನ್ನೊಂದು ಗುಟುಕು ಕುಡೀರಿ. ಕೆಳಗೆ ನನ್ನ ಕೊನೇ ಪೀಪಾಯಿ ಇದೆ. ಅದು ಹಣ್ಣಾಗೋವರೆಗೂ ಸಾಯಲ್ಲ ಅಂತ ಡಾಕ್ಟರಿಗೆ ಹೇಳ್ಬಿಟ್ಟಿದ್ದೀನಿ.”

ಎಲ್ಲರೂ ನಕ್ಕರು. ಚಿಕ್ಕಪ್ಪನಿಗೆ ಎಂಬತ್ತೊಂದು, ಇನ್ನೊಂದು ಪೀಪಾಯಿಗೆ ಕಾಯುವ ವಯಸ್ಸಲ್ಲ.

ನಮ್ಮವರು ನಿನ್ನೆಯಿಂದ ಊಟ ಮುಟ್ಟಿಲ್ಲ. ನನ್ನ ಬೆನ್ನುನೋವು ವಾಸಿಯೆಂದು ಅಮ್ಮನಿಗೆ ಹೇಳು, ಉಳಿದದ್ದು ಹೇಳಬೇಡ. ಈ ಜನ ಹೊರಟ ಮೇಲೆ ಚಿಕ್ಕಪ್ಪ ಮೇಣದ ಬತ್ತಿ ಹಿಡಿದು ಪೊರೆ ನೋಡಲು ನೆಲಮಾಳಿಗೆಗೆ ಇಳಿಯುತ್ತಾರೆ, ದಿನವೂ ಹಾಗೆಯೇ. ಇವತ್ತು ಮೆಟ್ಟಿಲ ಬಳಿ ಅವರನ್ನು ತಡೆದು ನಾನೇ ಹೇಳುವುದೆಂದು ನಿರ್ಧರಿಸಿದ್ದೇನೆ. ಲೋಟಗಳನ್ನು ಎತ್ತಿಡುವ ಸದ್ದು ಕೇಳುತ್ತಿದೆ.

ತಂಗಿ,
ಸೊಲಾಂಜ್