ಹಳೆಯ ದಾಸ್ತಾನು ಮುಗಿಯುವವರೆಗೆ

ಮಕ್ಕಳ ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಇಲಾಖೆಯ ಮಾರ್ಗದರ್ಶನವನ್ನು ಅಕ್ಷರಶಃ ಪಾಲಿಸಿದ್ದರಿಂದ ನನ್ನ ಎಂಟು ವರ್ಷದ ಮಗಳ ಎರಡು ಹಲ್ಲು ಮುರಿದಿವೆ, ಭುಜದ ಕೀಲು ತಪ್ಪಿದೆ. ಅಭಿನಂದನೆಗಳು. ಸರ್ಕಾರಿ ಸೂಚನೆಯೊಂದು ಇಷ್ಟು ಚಾಚೂ ತಪ್ಪದೆ ಜಾರಿಯಾದದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಮಗಳಿಗೆ ಮೂರ್ಛೆರೋಗ. ಎರಡು ವರ್ಷದಿಂದ ಔಷಧಿ ಕುಡಿಯುತ್ತಿದ್ದಾಳೆ. ಬಾಯಿ ಮುಚ್ಚುವುದೇ ಇಲ್ಲವೆಂದು ಮನೆಯಲ್ಲಿ ಅವಳ ಹೆಸರೇ ವಟವಟ. ಈ ತಿಂಗಳ ಆರನೇ ತಾರೀಕು ತರಗತಿಯಲ್ಲಿ ಅವಳಿಗೆ ಫಿಟ್ಸ್ ಬಂತು. ಸುಮ್ಮನೆ ಬಿಟ್ಟಿದ್ದರೆ ಯಾವತ್ತಿನಂತೆ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತಿತ್ತು. ಆದರೆ ಮೇಷ್ಟ್ರು ಗೋಡೆಯ ಮೇಲಿದ್ದ ನಿಮ್ಮ ಚಾರ್ಟ್ ನೋಡಿದರು. ಕೈಕಾಲು ಬಿಗಿಯಾಗಿ ಅದುಮಿ ಹಿಡಿಯಿರಿ, ಹಲ್ಲುಗಳ ನಡುವೆ ಚಮಚ ಇಡಿ ಎಂದು ಚಿತ್ರಸಮೇತ ಬರೆದಿದೆ. ನಾಲ್ವರು ದೊಡ್ಡವರು ಇಪ್ಪತ್ತೆರಡು ಕಿಲೋ ತೂಕದ ಮಗುವಿನ ಮೇಲೆ ಬಿದ್ದರು. ಒಬ್ಬರು ಎದೆಯ ಮೇಲೆ ಮೊಣಕಾಲೂರಿದರು. ಕಚ್ಚಿಕೊಂಡಿದ್ದ ಬಾಯಿಗೆ ಸ್ಟೀಲ್ ಚಮಚದ ಹಿಡಿ ತುರುಕಿ ಮೀಟಿದರು. ಹಾಲುಹಲ್ಲು ಬಿದ್ದು ಹೊಸದಾಗಿ ಬಂದಿದ್ದ ಹಲ್ಲುಗಳು ಮುರಿದ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತಂತೆ. ಒಂದು ಚೂರು ಶ್ವಾಸನಾಳಕ್ಕೆ ಇಳಿದಿದ್ದರೆ ನಾನು ಬರೆಯುವ ಪತ್ರವೇ ಬೇರೆಯಿರುತ್ತಿತ್ತು.

ನಾನು ಓಡಿಹೋದಾಗ ಅವಳ ಅಂಗಿಯೆಲ್ಲ ರಕ್ತ. ಹಿಂದೆಮುಂದೆ ನೋಡದೆ ಮೇಷ್ಟ್ರ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದೆ. ಕನ್ನಡಕ ಒಡೆಯಿತು. ಮತ್ತೂ ಹೊಡೆದೆ. ಅವರು ತಿರುಗಿ ಕೈ ಎತ್ತಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿದ್ದಂತೆಯೇ ಚಾರ್ಟಿನ ಕಡೆ ಬೆರಳು ಮಾಡಿದರು.

"ಅಲ್ಲಿ ಬರ್ದಿರೋದನ್ನೇ ಮಾಡಿದ್ದು ಸ್ವಾಮಿ. ಒಂದೂ ಬಿಟ್ಟಿಲ್ಲ."

ಅಲ್ಲಿ ಏನಿದೆಯೆಂದು ನಾನು ಓದಬೇಕಿರಲಿಲ್ಲ. ನಿಮ್ಮ ಇಲಾಖೆಯ ಉಗ್ರಾಣದಲ್ಲಿ ಹನ್ನೊಂದು ವರ್ಷದಿಂದ ಪ್ಯಾಕರ್ ಆಗಿರುವವನು ನಾನೇ. ಆ ಚಾರ್ಟನ್ನು ಸುತ್ತಿ, ಹಗ್ಗ ಕಟ್ಟಿ, ಆ ಶಾಲೆಯ ವಿಳಾಸ ಬರೆದವನೂ ನಾನೇ.

ಈ ಪತ್ರದ ನಕಲನ್ನು ಪತ್ರಿಕೆಗೂ ಕಳಿಸಿದ್ದೇನೆ, ಉಳಿದದ್ದನ್ನು ಊರೂ ಓದಲಿ. ಆ ಚಾರ್ಟ್ ತಪ್ಪೆಂದು ನಿಮ್ಮದೇ ವೈದ್ಯರು ಹೇಳಿ ಹದಿನಾಲ್ಕು ತಿಂಗಳಾಯಿತು. ಹೊಸದು ಅಚ್ಚಾಗಿ ಬಂದು ಉಗ್ರಾಣದ ಎಡಗಡೆಯ ಕಪಾಟಿನಲ್ಲಿ ಕೂತಿದೆ. ಮಗುವನ್ನು ಅದುಮಬೇಡಿ, ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಇಷ್ಟೇ. ಆದರೆ ಹಳೆಯ ದಾಸ್ತಾನು ಮುಗಿಯದೆ ಹೊಸದು ಹೊರಗೆ ಹೋಗುವಂತಿಲ್ಲ ಎಂಬುದು ನಿಮ್ಮ ನಿಯಮ. ಫಿನೈಲಿಗೂ ಪೊರಕೆಗೂ ಇರುವ ನಿಯಮ. ತಪ್ಪು ತಿಳಿವಳಿಕೆಯ ಒಂದು ಹಾಳೆಯೂ ಪೋಲಾಗಬಾರದೆಂಬ ನಿಮ್ಮ ಮಿತವ್ಯಯವನ್ನು ಎಷ್ಟು ಹೊಗಳಲಿ?

ಹೊಸ ಚಾರ್ಟನ್ನು ನಾನು ಓದಿದ್ದೆ. ಒಂದನ್ನು ತಂದು ನಮ್ಮ ಅಡುಗೆಮನೆಯಲ್ಲಿ ಅಂಟಿಸಿದ್ದೆ. ಹೆಂಡತಿ ಅದನ್ನು ನೋಡಿಕೊಂಡೇ ಎರಡು ಸಲ ಮಗಳನ್ನು ಕಾಪಾಡಿದ್ದಳು. ಶಾಲೆಗೆ ಮಾತ್ರ ನಿಯಮದಂತೆ ಹಳೆಯದನ್ನೇ ಕಳಿಸಿದೆ. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವನೆಂದು ನನಗೆ ಒಳ್ಳೆಯ ಹೆಸರಿತ್ತು.

ಆಸ್ಪತ್ರೆಯಲ್ಲಿ ಇದನ್ನು ಕೇಳಿ ಹೆಂಡತಿ ಅಳಲಿಲ್ಲ. "ಮನೆ ಗೋಡೆಗೊಂದು, ಶಾಲೆ ಗೋಡೆಗೊಂದು. ಆ ಮೇಷ್ಟ್ರನ್ಯಾಕೆ ಹೊಡೆದ್ರಿ? ಕನ್ನಡಿ ಮುಂದೆ ನಿಂತು ಹೊಡ್ಕೋಬೇಕಿತ್ತು" ಎಂದಳು. ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ?

ಮಾರನೆಯ ಬೆಳಿಗ್ಗೆ ಉಗ್ರಾಣದ ಚಿಲಕ ಒಳಗಿನಿಂದ ಹಾಕಿಕೊಂಡು, ಹಗ್ಗ ಕತ್ತರಿಸುವ ಚೂರಿಯಿಂದ ಹಳೆಯ ಚಾರ್ಟಿನ ಒಂದೊಂದು ಕಟ್ಟನ್ನೂ ಸೀಳಿದೆ. ಹೊರಗೆ ಮೇಲ್ವಿಚಾರಕರು ಬಾಗಿಲು ಬಡಿಯುತ್ತ, ಅದು ಸರ್ಕಾರಿ ಆಸ್ತಿ ಎಂದು ಅರಚುತ್ತಿದ್ದರು. ಅಂಗೈ ಕುಯ್ದುಕೊಂಡು ಕಾಗದವೆಲ್ಲ ಕೆಂಪಾದರೂ ನಿಲ್ಲಿಸಲಿಲ್ಲ. ಆ ಗಳಿಗೆಯಲ್ಲಿ ನೀವು ಎದುರಿಗೆ ಬಂದಿದ್ದರೆ ಚೂರಿ ಕಾಗದದಲ್ಲೇ ನಿಲ್ಲುತ್ತಿತ್ತೆಂದು ಆಣೆ ಮಾಡಲಾರೆ.

ಈಗ ನಿಯಮದ ಪ್ರಕಾರ ಹಳೆಯ ದಾಸ್ತಾನು ಮುಗಿದಿದೆ. ನನ್ನ ಮೇಲೆ ಕೇಸು ಹಾಕಿ, ಕೆಲಸದಿಂದ ಕಿತ್ತುಹಾಕಿ, ಮೇಷ್ಟ್ರಿಗೆ ಹೊಡೆದದ್ದಕ್ಕೆ ಜೈಲಿಗೂ ಕಳಿಸಿ. ಆದರೆ ಮುಂದಿನ ಸೋಮವಾರದೊಳಗೆ ಎಡಗಡೆಯ ಕಪಾಟು ಖಾಲಿಯಾಗಬೇಕು, ಪ್ರತಿ ಶಾಲೆಯ ಗೋಡೆಯಿಂದಲೂ ಹಳೆಯದು ಕೆಳಗಿಳಿಯಬೇಕು. ಭುಜದ ಕಟ್ಟು ಬಿಚ್ಚಿದ ಮೇಲೆ ಮಗಳು ಅದೇ ತರಗತಿಗೆ ಹೋಗಬೇಕು. ಫಿಟ್ಸ್ ಮತ್ತೆ ಬರುತ್ತದೆ. ವಟವಟ ಅಂದಿನಿಂದ ಒಂದು ಮಾತೂ ಆಡಿಲ್ಲ. ಔಷಧಿ ಕುಡಿಸಲು ನಾನು ಚಮಚ ಹಿಡಿದು ಹೋದರೆ ಮಂಚದಡಿ ನುಗ್ಗುತ್ತಾಳೆ.

ಇಂತಿ,
ಎಲ್ಲವನ್ನೂ ಓದಿಯೂ ನಿಯಮ ಪಾಲಿಸಿದ
ನಿಮ್ಮ ಪ್ಯಾಕರ್